ಗಣಿತದ ಬಾಗಿಲಲ್ಲಿ ತಡೆಯಲ್ಪಡುವವರು ಯಾರು?

ಪರೀಕ್ಷೆಗಳ ಕುರಿತಾದ ನಮ್ಮ ಸಾರ್ವಜನಿಕ ಚರ್ಚೆ ಫಲಿತಾಂಶದ ದಿನ ಆರಂಭಗೊಂಡು ಅದೇ ವಾರ ಮುಗಿದು ಹೋಗುತ್ತದೆ. ಯಾವ ಜಿಲ್ಲೆ ಮೊದಲು, ಯಾವ ಜಿಲ್ಲೆ ಕೊನೆ, ಹುಡುಗಿಯರು ಮುಂದೋ ಹುಡುಗರು ಮುಂದೋ, ರ‍್ಯಾಂಕ್ ಗಳಿಸಿದವರ ಭಾವಚಿತ್ರ, ಅದರ ಬೆನ್ನಿಗೇ ಕಾಲೇಜುಗಳ ಜಾಹೀರಾತು. ಇಷ್ಟಾದರೆ ಎಲ್ಲವೂ ಆದಂತೆ. ಆ ಅಂಕಗಳನ್ನು ಯಾವ ನಿಯಮದಂತೆ ಹಂಚಲಾಯಿತು, ಆ ನಿಯಮವನ್ನು ರೂಪಿಸಿದವರು ಯಾರು, ಅದರಿಂದ ಯಾರಿಗೆ ಅನುಕೂಲ, ಯಾರಿಗೆ ನಷ್ಟ ಎಂದು ಕೇಳುವ ವ್ಯವಧಾನ ಪತ್ರಿಕೆಗಳಿಗೂ ಇಲ್ಲ, ಹೆತ್ತವರಿಗೂ ಇಲ್ಲ. ಅಂಕವೆಂಬುದು ಮಳೆಯಂತೆ ಮೇಲಿನಿಂದ ಬೀಳುವ ವಸ್ತುವೆಂದೇ ಭಾವಿಸಲಾಗಿದೆ. ವಾಸ್ತವದಲ್ಲಿ ಅದು ಮನುಷ್ಯರು ಮಾಡುವ ಒಂದು ಹಂಚಿಕೆ. ಹಂಚಿಕೆ ಇದ್ದಲ್ಲಿ ನ್ಯಾಯ ಅನ್ಯಾಯಗಳ ಪ್ರಶ್ನೆಯೂ ಇದ್ದೇ ಇರುತ್ತದೆ.

ಈ ಪ್ರಶ್ನೆಯನ್ನು ಪರಿಶೀಲಿಸಲು ಅಮೇರಿಕದ ವಿಶ್ವವಿದ್ಯಾಲಯಗಳಲ್ಲಿ ನಡೆಯುವ ತೀರಾ ಸಾಧಾರಣವಾದ ಒಂದು ಕೋರ್ಸನ್ನು ನಾವಿಲ್ಲಿ ಆರಿಸಿಕೊಂಡಿದ್ದೇವೆ. ಅದರ ಹೆಸರು ಪ್ರಿಕ್ಯಾಲ್ಕುಲಸ್. ದೂರದ ದೇಶದ ಉದಾಹರಣೆ ಏಕೆಂದು ಓದುಗರು ಕೇಳಬಹುದು. ಅಲ್ಲಿ ಅಂಕ ಹಂಚಿಕೆಯ ನಿಯಮಗಳು ಬರಹದಲ್ಲಿ ಬಹಿರಂಗವಾಗಿರುವುದರಿಂದ ಅವನ್ನು ಬಿಡಿಸಿ ನೋಡಲು ಸಾಧ್ಯವಿದೆ. ಮಾತ್ರವಲ್ಲ, ಅದೇ ಉದ್ದೇಶದ ಕೋರ್ಸೊಂದು ನಮ್ಮ ರಾಜ್ಯದ ಇಂಜಿನಿಯರಿಂಗ್ ಕಾಲೇಜುಗಳಲ್ಲೂ ಸದ್ದಿಲ್ಲದೆ ನಡೆದು ಬಂದಿದೆ. ಅದರ ವಿಷಯಕ್ಕೆ ನಾವು ಆಮೇಲೆ ಬರುತ್ತೇವೆ.

ಕಲನಶಾಸ್ತ್ರ, ಅಂದರೆ ಕ್ಯಾಲ್ಕುಲಸ್ ಅನ್ನು ವಿಜ್ಞಾನ ವಿಭಾಗದ ನಮ್ಮ ಮಕ್ಕಳು ಪಿಯುಸಿಯಲ್ಲೇ ಕಲಿಯುತ್ತಾರೆ. ಅಮೇರಿಕದಲ್ಲಿ ಅನೇಕರಿಗೆ ಅದು ಮೊದಲು ಎದುರಾಗುವುದು ವಿಶ್ವವಿದ್ಯಾಲಯದ ಪ್ರಥಮ ವರ್ಷದಲ್ಲಿ. ಪ್ರವೇಶ ಪಡೆದ ವಿದ್ಯಾರ್ಥಿಯ ಮಟ್ಟವನ್ನು ಅಳೆಯಲು ಮೊದಲೊಂದು ಪರೀಕ್ಷೆ ನಡೆಯುತ್ತದೆ. ಅದರಲ್ಲಿ ನಿಗದಿತ ಅಂಕ ಬಂದರೆ ನೇರವಾಗಿ ಕಲನಶಾಸ್ತ್ರ, ಬಾರದಿದ್ದರೆ ಪ್ರಿಕ್ಯಾಲ್ಕುಲಸ್. ಫಲನಗಳು, ಬಹುಪದೋಕ್ತಿಗಳು, ಘಾತಾಂಕ, ಲಘುಗಣಕ, ತ್ರಿಕೋನಮಿತಿ ಮುಂತಾಗಿ ನಮ್ಮ ಪ್ರಥಮ ಪಿಯುಸಿಯಲ್ಲಿ ಕಾಣುವ ವಿಷಯಗಳೇ ಅದರ ಪಾಠಗಳು. ಅವಧಿ ಹದಿನಾಲ್ಕು ಹದಿನೈದು ವಾರಗಳ ಒಂದು ಸೆಮಿಸ್ಟರ್. ಇದರಲ್ಲಿ ‘ಸಿ’ ಶ್ರೇಣಿಯ ಆಸುಪಾಸಿಗಾದರೂ ಬರದವರಿಗೆ ಸಾಮಾನ್ಯವಾಗಿ ಕಲನಶಾಸ್ತ್ರದ ತರಗತಿಗೆ ಪ್ರವೇಶವಿಲ್ಲ. ಕಲನಶಾಸ್ತ್ರವಿಲ್ಲದೆ ಇಂಜಿನಿಯರಿಂಗ್ ಇಲ್ಲ, ಭೌತಶಾಸ್ತ್ರವಿಲ್ಲ, ಅರ್ಥಶಾಸ್ತ್ರದ ಉನ್ನತ ವ್ಯಾಸಂಗವೂ ಇಲ್ಲ. ಒಂದು ಸೆಮಿಸ್ಟರ್‌ನ ಒಂದು ಕೋರ್ಸು ಹದಿನೆಂಟರ ಹರೆಯದ ಒಬ್ಬ ವ್ಯಕ್ತಿಯ ಮುಂದಿನ ಬದುಕಿನ ದಿಕ್ಕನ್ನು ಬದಲಿಸಿ ಬಿಡುತ್ತದೆ.

ಈ ಕೋರ್ಸಿನ ಬೆಂಚುಗಳಲ್ಲಿ ಕೂರುವವರು ಯಾರು? ಅಮೇರಿಕದ ಸರಕಾರಿ ಶಾಲೆಗಳಿಗೆ ಹಣ ಬರುವ ಒಂದು ಮುಖ್ಯ ಮೂಲ ಸ್ಥಳೀಯ ಆಸ್ತಿ ತೆರಿಗೆ. ಮನೆಗಳ ಬೆಲೆ ಹೆಚ್ಚಿರುವ ಬಡಾವಣೆಯ ಶಾಲೆಗೆ ಒಳ್ಳೆಯ ಗಣಿತ ಶಿಕ್ಷಕರೂ ಸಿಗುತ್ತಾರೆ, ಹನ್ನೆರಡನೇ ತರಗತಿಯಲ್ಲೇ ಕಲನಶಾಸ್ತ್ರವೂ ಸಿಗುತ್ತದೆ. ಬಡವರ, ಕರಿಯರ, ವಲಸಿಗರ ಬಡಾವಣೆಗಳಲ್ಲಿ ಎಷ್ಟೋ ಕಡೆ ಅದಾವುದೂ ಇಲ್ಲ. ಹೀಗೆ ಶಾಲೆ ಮಾಡಿದ ತಾರತಮ್ಯವು ವಿಶ್ವವಿದ್ಯಾಲಯದ ಹೊಸ್ತಿಲಲ್ಲಿ ವಿದ್ಯಾರ್ಥಿಯ ವೈಯಕ್ತಿಕ ದೌರ್ಬಲ್ಯವಾಗಿ ದಾಖಲಾಗುತ್ತದೆ. ಎಲ್ಲ ಪ್ರಿಕ್ಯಾಲ್ಕುಲಸ್ ವಿದ್ಯಾರ್ಥಿಗಳೂ ಬಡವರೆಂದು ನಾವು ಹೇಳುತ್ತಿಲ್ಲ. ಆದರೆ ತಡೆಯಲ್ಪಡುವವರಲ್ಲಿ ಯಾರ ಸಂಖ್ಯೆ ಹೆಚ್ಚಿರಬಹುದೆಂದು ಊಹಿಸಲು ದೊಡ್ಡ ಪಾಂಡಿತ್ಯ ಬೇಕಿಲ್ಲ.

ಇನ್ನು ಕೋರ್ಸಿನ ವ್ಯವಸ್ಥೆಯನ್ನು ನೋಡೋಣ. ತರಗತಿಯ ಮೊದಲ ದಿನವೇ ವಿದ್ಯಾರ್ಥಿಯ ಕೈಗೆ ‘ಸಿಲಬಸ್’ ಎಂಬ ಪ್ರತಿಯೊಂದು ಸಿಗುತ್ತದೆ. ನಮ್ಮಲ್ಲಿ ಸಿಲಬಸ್ ಎಂದರೆ ಪಾಠಗಳ ಪಟ್ಟಿ ಮಾತ್ರ. ಅಲ್ಲಿ ಅದೊಂದು ಕರಾರು ಪತ್ರದಂತಿರುತ್ತದೆ. ಯಾವ ವಾರ ಯಾವ ಪಾಠ, ಯಾವ ದಿನ ಯಾವ ಪರೀಕ್ಷೆ, ಅಧ್ಯಾಪಕರು ತಮ್ಮ ಕೊಠಡಿಯಲ್ಲಿ ಸಂಶಯ ಪರಿಹಾರಕ್ಕಾಗಿ ಕುಳಿತಿರುವ ಸಮಯ, ಮನೆಗೆಲಸ ತಡವಾದರೆ ಏನು, ಕಾಯಿಲೆ ಬಿದ್ದರೆ ಏನು ಎಂಬುದೆಲ್ಲ ಅದರಲ್ಲಿದೆ. ಎಲ್ಲಕ್ಕಿಂತ ಮುಖ್ಯವಾಗಿ ನೂರು ಅಂಕ ಹೇಗೆ ಹಂಚಿಹೋಗುತ್ತದೆಂಬ ಕೋಷ್ಟಕವಿದೆ. ಈ ಕೋಷ್ಟಕ ಎಲ್ಲೆಡೆ ಒಂದೇ ಅಲ್ಲ. ಸಾಮಾನ್ಯ ನಮೂನೆಯೊಂದನ್ನು ಹೀಗೆ ಕಲ್ಪಿಸಿಕೊಳ್ಳಬಹುದು: ಮನೆಗೆಲಸಕ್ಕೆ 15, ಕಿರು ಪರೀಕ್ಷೆಗಳಿಗೆ 10, ಮೂರು ಮಧ್ಯಾವಧಿ ಪರೀಕ್ಷೆಗಳಿಗೆ ತಲಾ 15ರಂತೆ 45, ಅಂತಿಮ ಪರೀಕ್ಷೆಗೆ 30. ಒಟ್ಟು 90 ದಾಟಿದರೆ ಎ, 80 ದಾಟಿದರೆ ಬಿ, 70 ದಾಟಿದರೆ ಸಿ. ಓದಲು ಎಷ್ಟು ನಿರಪಾಯಕಾರಿಯಾಗಿ ಕಾಣುತ್ತದೆ!

ಈಗ ಒಂದು ಲೆಕ್ಕ ಮಾಡೋಣ. ದುರ್ಬಲ ಶಾಲೆಯಿಂದ ಬಂದ ವಿದ್ಯಾರ್ಥಿನಿಯೊಬ್ಬಳು ಮೊದಲ ಮಧ್ಯಾವಧಿಯಲ್ಲಿ ನೂರಕ್ಕೆ 40 ಪಡೆಯುತ್ತಾಳೆ. ಪೆಟ್ಟು ತಿಂದು ಎಚ್ಚೆತ್ತು ಓದುತ್ತಾಳೆ. ಎರಡನೆಯದರಲ್ಲಿ 65, ಮೂರನೆಯದರಲ್ಲಿ 85, ಇಡೀ ಪಾಠಕ್ರಮವನ್ನು ಒಳಗೊಂಡ ಅಂತಿಮ ಪರೀಕ್ಷೆಯಲ್ಲಿ 88. ಮನೆಗೆಲಸದಲ್ಲಿ 90, ಕಿರು ಪರೀಕ್ಷೆಗಳಲ್ಲಿ 70. ಮೇಲಿನ ಕೋಷ್ಟಕದಂತೆ ಕೂಡಿಸಿದರೆ ಅವಳಿಗೆ ಸಿಗುವುದು 75.4, ಅಂದರೆ ‘ಸಿ’. ಸೆಮಿಸ್ಟರ್ ಮುಗಿಯುವ ದಿನ ಅವಳಿಗೆ ಆ ಗಣಿತ ಚೆನ್ನಾಗಿಯೇ ಬರುತ್ತದೆ. ಆದರೆ ಅಂಕಪಟ್ಟಿ ಹೇಳುತ್ತಿರುವುದು ಐದನೇ ವಾರದಲ್ಲಿ ಅವಳಿಗೆ ಏನು ಬರುತ್ತಿರಲಿಲ್ಲ ಎಂಬುದನ್ನು! ಇದೇ ಕೋಷ್ಟಕಕ್ಕೆ ಒಂದೇ ಒಂದು ಸಾಲು ಸೇರಿಸಿ ನೋಡಿ: ‘ಅಂತಿಮ ಪರೀಕ್ಷೆಯ ಅಂಕ ಹೆಚ್ಚಿದ್ದರೆ ಅದು ಅತಿ ಕಡಿಮೆ ಬಂದ ಒಂದು ಮಧ್ಯಾವಧಿಯ ಸ್ಥಾನದಲ್ಲಿ ನಿಲ್ಲುವುದು.’ ಆಗ ಅವಳ ಮೊತ್ತ 82.6 ಆಗುತ್ತದೆ, ಶ್ರೇಣಿ ‘ಬಿ’ ಆಗುತ್ತದೆ. ಪ್ರಶ್ನೆಪತ್ರಿಕೆ ಸುಲಭವಾಗಲಿಲ್ಲ, ಮೌಲ್ಯಮಾಪನ ಸಡಿಲವಾಗಲಿಲ್ಲ, ಯಾರಿಗೂ ಕೃಪಾಂಕ ಕೊಡಲಿಲ್ಲ. ಬದಲಾದದ್ದು ನಿಯಮದ ಒಂದು ಸಾಲು ಮಾತ್ರ. ಇಂತಹ ಸಾಲನ್ನು ಬರೆದಿಟ್ಟ ವಿಭಾಗಗಳೂ ಅಲ್ಲಿವೆ, ಬರೆಯದವೂ ಇವೆ. ಮೊದಲ ತಿಂಗಳಲ್ಲಿ ಎಡವುವವನು ಯಾರು? ಒಳ್ಳೆಯ ಶಾಲೆಯಿಂದ ಬಂದವನಂತೂ ಅಲ್ಲ. ಆದ್ದರಿಂದ ಆರಂಭದ ತಪ್ಪನ್ನು ಕೊನೆಯವರೆಗೂ ಹೊರಿಸುವ ಸರಾಸರಿ ಪದ್ಧತಿಯು ಶಾಲೆಯ ಹಳೆಯ ತಾರತಮ್ಯವನ್ನು ಎರಡನೇ ಬಾರಿ ಎಣಿಸುತ್ತದೆ ಎಂಬುದು ನಮ್ಮ ಅಭಿಪ್ರಾಯ.

ಇದಕ್ಕಿಂತಲೂ ಕೆಟ್ಟ ಪದ್ಧತಿಯೊಂದಿದೆ. ಅದು ತುಲನಾತ್ಮಕ ಶ್ರೇಣಿ. ಅಲ್ಲಿ ವಿದ್ಯಾರ್ಥಿ ಏನು ಕಲಿತನೆಂಬುದಲ್ಲ, ಪಕ್ಕದವನಿಗಿಂತ ಎಷ್ಟು ಮುಂದಿದ್ದಾನೆಂಬುದೇ ಲೆಕ್ಕಕ್ಕೆ ಬರುತ್ತದೆ. ತರಗತಿಯಲ್ಲಿ ಇಷ್ಟೇ ಮಂದಿಗೆ ಎ, ಇಷ್ಟೇ ಮಂದಿಗೆ ಬಿ ಎಂದು ಮೊದಲೇ ನಿಗದಿಯಾಗಿ ಬಿಟ್ಟರೆ ಗೆಳೆಯನಿಗೆ ಒಂದು ಲೆಕ್ಕ ಹೇಳಿಕೊಡುವುದು ಸ್ವಂತ ಕಾಲಿಗೆ ಕೊಡಲಿ ಹಾಕಿಕೊಂಡಂತೆ. ನೆರೆಯವನ ಸೋಲನ್ನು ತನ್ನ ಗೆಲುವೆಂದು ಕಲಿಸುವ ಮಾರುಕಟ್ಟೆಯ ನೀತಿ ಗಣಿತದ ತರಗತಿಗೂ ನುಗ್ಗಿದೆ ಎಂದರೆ ಅತಿಶಯೋಕ್ತಿಯಾಗದು. ಕಷ್ಟದ ಪ್ರಶ್ನೆಪತ್ರಿಕೆ ಬಂದಾಗ ಈ ಪದ್ಧತಿ ವಿದ್ಯಾರ್ಥಿಗಳನ್ನು ಕಾಪಾಡುತ್ತದೆಂಬ ವಾದವಿದೆ. ಪ್ರಶ್ನೆಪತ್ರಿಕೆಯನ್ನೇ ಸರಿಯಾಗಿ ತಯಾರಿಸಬಾರದೇ?

ಒಳ್ಳೆಯದನ್ನೂ ಹೇಳಬೇಕು. ಪ್ರಿಕ್ಯಾಲ್ಕುಲಸ್ ಓದುವವರ ಸಂಖ್ಯೆ ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ನೂರಾರು, ಕೆಲವೆಡೆ ಅದಕ್ಕಿಂತಲೂ ಹೆಚ್ಚು. ಅವರನ್ನು ಹಲವು ವಿಭಾಗಗಳಾಗಿ ಒಡೆದು, ಸ್ನಾತಕೋತ್ತರ ವಿದ್ಯಾರ್ಥಿಗಳಾಗಿರುವ ಬೋಧನಾ ಸಹಾಯಕರಿಗೋ ಅರೆಕಾಲಿಕ ಅಧ್ಯಾಪಕರಿಗೋ ಒಪ್ಪಿಸಲಾಗುತ್ತದೆ. ಒಬ್ಬರು ಉದಾರಿ, ಇನ್ನೊಬ್ಬರು ಜಿಪುಣರು. ಹಾಗಾಗಿ ವಿದ್ಯಾರ್ಥಿಯ ಭವಿಷ್ಯ ಯಾರ ತರಗತಿಗೆ ಬಿದ್ದನೆಂಬ ಅದೃಷ್ಟಕ್ಕೆ ಸಿಗಬಾರದೆಂದು ಅನೇಕ ವಿಶ್ವವಿದ್ಯಾಲಯಗಳು ಇಡೀ ಕೋರ್ಸಿಗೆ ಒಬ್ಬ ಸಂಯೋಜಕರನ್ನು ನೇಮಿಸುತ್ತವೆ. ಎಲ್ಲ ವಿಭಾಗಗಳಿಗೂ ಒಂದೇ ಪ್ರಶ್ನೆಪತ್ರಿಕೆ, ಒಂದೇ ದಿನ, ಒಂದೇ ಸಮಯ. ಮೌಲ್ಯಮಾಪನಕ್ಕೆ ಅಧ್ಯಾಪಕರೆಲ್ಲ ಒಟ್ಟಿಗೆ ಕುಳಿತುಕೊಳ್ಳುತ್ತಾರೆ. ಒಬ್ಬ ಅಧ್ಯಾಪಕ ಎಲ್ಲ ವಿದ್ಯಾರ್ಥಿಗಳ ಮೂರನೇ ಪ್ರಶ್ನೆಯನ್ನು ಮಾತ್ರ ನೋಡಿದರೆ, ಇನ್ನೊಬ್ಬ ನಾಲ್ಕನೆಯದನ್ನು ಮಾತ್ರ ನೋಡುತ್ತಾನೆ. ಇದರಿಂದ ಯಾವ ವಿದ್ಯಾರ್ಥಿಯ ಭವಿಷ್ಯವೂ ಒಬ್ಬನೇ ಮೌಲ್ಯಮಾಪಕನ ಮರ್ಜಿಗೆ ಒಳಗಾಗುವುದಿಲ್ಲ. ಹೆಸರು ನೋಡಿ ಅಂಕ ಹಾಕುವ ರೋಗಕ್ಕೂ ಕಡಿವಾಣ ಬೀಳುತ್ತದೆ. ಹೆಸರಿನಿಂದಲೇ ಜಾತಿ, ಧರ್ಮ ತಿಳಿದುಬಿಡುವ ನಮ್ಮಂತಹ ದೇಶದಲ್ಲಿ ಕಾಲೇಜು ಮಟ್ಟದ ಆಂತರಿಕ ಪರೀಕ್ಷೆಗಳಿಗೆ ಈ ವಿಧಾನ ಎಷ್ಟು ಉಪಯುಕ್ತವೆಂದು ವಿವರಿಸಬೇಕಾಗಿಲ್ಲ. ಇದಕ್ಕೆ ಖರ್ಚೇನೂ ಇಲ್ಲ. ಅಧ್ಯಾಪಕರು ಒಂದು ಸಂಜೆ ಒಂದೇ ಕೊಠಡಿಯಲ್ಲಿ ಕೂರಬೇಕಷ್ಟೆ.

ಮಿಷಿಗನ್ ವಿಶ್ವವಿದ್ಯಾಲಯದ ಆರಂಭಿಕ ಗಣಿತ ಕೋರ್ಸುಗಳು ಈ ಬಗೆಯ ವ್ಯವಸ್ಥೆಗೆ ಹೆಸರಾಗಿವೆ. ದೊಡ್ಡ ಸಭಾಂಗಣದ ಉಪನ್ಯಾಸದ ಬದಲು ಚಿಕ್ಕ ತರಗತಿಗಳು, ಎಲ್ಲರಿಗೂ ಸಮಾನ ಪರೀಕ್ಷೆ, ಕೆಲವು ಮಂದಿಯ ತಂಡ ಕೂಡಿ ಮಾಡುವ ಮನೆಗೆಲಸ. ಅಲ್ಲಿ ‘ಗೇಟ್‌ವೇ’ ಎಂಬ ಇನ್ನೊಂದು ಪರೀಕ್ಷೆಯನ್ನೂ ರೂಢಿಗೆ ತರಲಾಯಿತು. ಮೂಲಭೂತ ಲೆಕ್ಕಗಳ ಚಿಕ್ಕ ಪರೀಕ್ಷೆ ಅದು. ಅರ್ಧ ಸರಿಯಾದ ಉತ್ತರಕ್ಕೆ ಅರ್ಧ ಅಂಕವಿಲ್ಲ. ಬಹುತೇಕ ಎಲ್ಲವೂ ಸರಿಯಾಗಿರಬೇಕು. ಆದರೆ ಗಡುವಿನೊಳಗೆ ಮತ್ತೆ ಮತ್ತೆ ಬರೆಯಬಹುದು. ನಾಲ್ಕನೇ ಪ್ರಯತ್ನದಲ್ಲಿ ತೇರ್ಗಡೆಯಾದವನೂ ಮೊದಲ ಪ್ರಯತ್ನದವನೂ ಸಮಾನರು. ನಮಗೆ ಈ ಪರೀಕ್ಷೆ ಇಷ್ಟವಾಗಿದೆ. ಇದರಲ್ಲಿ ಮಾನದಂಡ ಒಂದಿಷ್ಟೂ ಬಾಗುವುದಿಲ್ಲ, ಆದರೆ ಬಾಗಿಲು ಒಂದೇ ಬಾರಿಗೆ ಮುಚ್ಚಿಕೊಳ್ಳುವುದೂ ಇಲ್ಲ. ಕಠಿಣತೆ ಮತ್ತು ಕರುಣೆ ಪರಸ್ಪರ ಶತ್ರುಗಳೆಂದು ವಾದಿಸುವವರು ಇದನ್ನೊಮ್ಮೆ ನೋಡಬೇಕು.

ಮನೆಗೆಲಸದ ವಿಷಯದಲ್ಲಿ ಮಾತ್ರ ಪರಿಸ್ಥಿತಿ ಹದಗೆಟ್ಟಿದೆ. ಅಮೇರಿಕದ ಅನೇಕ ಕಡೆ ಮನೆಗೆಲಸವನ್ನು ಈಗ ಕಂಪ್ಯೂಟರೇ ತಿದ್ದುತ್ತದೆ. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1990ರ ದಶಕದಲ್ಲಿ ಹುಟ್ಟಿದ ವೆಬ್‌ವರ್ಕ್ ಎಂಬ ತಂತ್ರಾಂಶ ಉಚಿತ. ಆದರೆ ಪಠ್ಯಪುಸ್ತಕದ ದೈತ್ಯ ಕಂಪೆನಿಗಳು ತಮ್ಮದೇ ವ್ಯವಸ್ಥೆಗಳನ್ನು ಮಾರುತ್ತವೆ: ಪಿಯರ್ಸನ್‌ನದ್ದು ಮೈಲ್ಯಾಬ್ ಮ್ಯಾಥ್, ಮೆಕ್‌ಗ್ರಾ ಹಿಲ್‌ನದ್ದು ಅಲೆಕ್ಸ್. ಅವುಗಳಲ್ಲಿ ಮನೆಗೆಲಸ ಒಪ್ಪಿಸಬೇಕಾದರೆ ವಿದ್ಯಾರ್ಥಿ ಹಣ ತೆತ್ತು ಒಂದು ಸಂಕೇತ ಸಂಖ್ಯೆಯನ್ನು ಕೊಳ್ಳಬೇಕು. ಶುಲ್ಕ ಕಟ್ಟಿ ಸೇರಿದ ಕೋರ್ಸಿನಲ್ಲಿ ತಾನು ಮಾಡಿದ ಲೆಕ್ಕವನ್ನು ತೋರಿಸಲು ಮತ್ತೊಮ್ಮೆ ಹಣ! ಆ ಸಂಖ್ಯೆಯನ್ನು ಸೆಕೆಂಡ್ ಹ್ಯಾಂಡ್ ಪುಸ್ತಕದಂತೆ ಮಾರಲಾಗದು, ಗೆಳೆಯನಿಂದ ಎರವಲು ತರಲಾಗದು. ಕೊಳ್ಳಲು ತಡವಾದವನ ಮೊದಲ ವಾರಗಳ ಮನೆಗೆಲಸಕ್ಕೆ ಸೊನ್ನೆ ಬೀಳುವ ಭಯ ಬೇರೆ. ಶಿಕ್ಷಣದ ಖಾಸಗೀಕರಣವೆಂದರೆ ದೊಡ್ಡ ದೊಡ್ಡ ಕಟ್ಟಡಗಳೇ ಆಗಬೇಕೆಂದಿಲ್ಲ, ಹೀಗೂ ಅದು ಒಳನುಗ್ಗುತ್ತದೆ.

2022ರ ನವೆಂಬರ್‌ನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಮನೆಗೆಲಸದ ಅಂಕಕ್ಕೆ ಇದ್ದ ಮರ್ಯಾದೆಯೂ ಹೋಗಿದೆ. ಲೆಕ್ಕವನ್ನು ಯಂತ್ರ ಮಾಡಿತೋ ವಿದ್ಯಾರ್ಥಿ ಮಾಡಿದನೋ ತಿಳಿಯುವುದು ಕಷ್ಟವಾದಾಗ ಸಹಜವಾಗಿ ಮೇಲ್ವಿಚಾರಣೆಯಲ್ಲಿ ನಡೆಯುವ ಪರೀಕ್ಷೆಯ ತೂಕ ಹೆಚ್ಚುತ್ತದೆ. ಇದು ಅನಿವಾರ್ಯವಿರಬಹುದು. ಆದರೆ ಸಂಜೆ ಅಂಗಡಿಯಲ್ಲಿ ದುಡಿದು ಬರುವ ವಿದ್ಯಾರ್ಥಿಗೆ ದಿನವೂ ಸ್ವಲ್ಪ ಸ್ವಲ್ಪ ಗಳಿಸುತ್ತಿದ್ದ ಅಂಕಗಳು ಆಸರೆಯಾಗಿದ್ದವು. ಆ ಆಸರೆಯನ್ನು ಕಿತ್ತುಕೊಂಡಾಗ ಬದಲಿಗೆ ಏನು ಕೊಡಲಾಗುತ್ತಿದೆ? ಪರೀಕ್ಷೆಯ ತೂಕವನ್ನು ಹೆಚ್ಚಿಸುವವರು ಪರೀಕ್ಷೆಯ ಅವಕಾಶಗಳನ್ನೂ ಹೆಚ್ಚಿಸಬೇಡವೇ?

ಇಷ್ಟೆಲ್ಲ ಸಾಹಸದ ಬಳಿಕ ಈ ಕೋರ್ಸು ತನ್ನ ಹೆಸರಿಗೆ ತಕ್ಕ ಕೆಲಸವನ್ನಾದರೂ ಮಾಡುತ್ತದೆಯೇ? ಹಾರ್ವರ್ಡ್‌ನ ಸಂಶೋಧಕರಾದ ಗೆರ್ಹಾರ್ಡ್ ಸೊನೆರ್ಟ್ ಮತ್ತು ಫಿಲಿಪ್ ಸ್ಯಾಡ್ಲರ್ 2014ರಲ್ಲಿ ಪ್ರಕಟಿಸಿದ ಅಧ್ಯಯನದ ಉತ್ತರ ಕಹಿಯಾಗಿದೆ. ಸಮಾನ ಹಿನ್ನೆಲೆಯ ವಿದ್ಯಾರ್ಥಿಗಳನ್ನು ಹೋಲಿಸಿದಾಗ, ಕಾಲೇಜಿನಲ್ಲಿ ಪ್ರಿಕ್ಯಾಲ್ಕುಲಸ್ ಓದಿ ಬಂದವರು ಓದದೆ ನೇರವಾಗಿ ಬಂದವರಿಗಿಂತ ಕಲನಶಾಸ್ತ್ರದಲ್ಲಿ ಗಮನಾರ್ಹವಾಗಿ ಉತ್ತಮವಾಗಿರಲಿಲ್ಲ. ಒಂದು ಸೆಮಿಸ್ಟರ್‌ನ ಶುಲ್ಕ, ಸಮಯ ಮತ್ತು ಅವಮಾನಕ್ಕೆ ಸಿಕ್ಕ ಪ್ರತಿಫಲ ಇದು.

ಹಾಗಾದರೆ ಪೂರ್ವಸಿದ್ಧತೆಯ ಕೋರ್ಸುಗಳನ್ನೇ ಕಿತ್ತೆಸೆದರೆ ಆಗದೇ? ಆ ದಾರಿಯನ್ನೂ ಅಮೇರಿಕ ತುಳಿದಿದೆ. ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿಯು 2017ರಲ್ಲಿ ಹೊರಡಿಸಿದ ಆದೇಶದ ಮೂಲಕ, ಪದವಿಗೆ ಲೆಕ್ಕವಾಗದ ಪರಿಹಾರ ಬೋಧನೆಯ ಗಣಿತ ಕೋರ್ಸುಗಳನ್ನು 2018ರಿಂದ ನಿಲ್ಲಿಸಿತು. ಅದಕ್ಕೆ ಮುಂಚೆ ಆ ಕೋರ್ಸುಗಳನ್ನು ಒಂದು ವರ್ಷದೊಳಗೆ ಮುಗಿಸದವರು ವಿಶ್ವವಿದ್ಯಾಲಯವನ್ನೇ ತೊರೆಯಬೇಕಾದ ಸ್ಥಿತಿಯಿತ್ತು. ಹೊಸ ವ್ಯವಸ್ಥೆಯಲ್ಲಿ ದುರ್ಬಲರೂ ಪದವಿಗೆ ಲೆಕ್ಕವಾಗುವ ಕೋರ್ಸಿಗೇ ಸೇರುತ್ತಾರೆ, ಹೆಚ್ಚುವರಿ ನೆರವು ಅದರ ಜೊತೆಗೇ ಸಿಗುತ್ತದೆ. ಇದು ಸ್ವಾಗತಾರ್ಹ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಕಲಿಕೆ ಆಗಿಬಿಡುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸ್ಯಾನ್ ಡಿಯಾಗೋ ಕ್ಯಾಂಪಸ್‌ನ ಸಮಿತಿಯೊಂದು 2025ರ ನವೆಂಬರ್‌ನಲ್ಲಿ ನೀಡಿದ ವರದಿ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. 2020ರಿಂದ 2025ರ ನಡುವೆ, ಪ್ರೌಢಶಾಲಾ ಮಟ್ಟದ ಗಣಿತವೂ ಬಾರದ ಹೊಸ ವಿದ್ಯಾರ್ಥಿಗಳ ಸಂಖ್ಯೆ ಅಲ್ಲಿ ಸುಮಾರು ಮೂವತ್ತು ಪಟ್ಟು ಏರಿತ್ತು. ಅವರಲ್ಲಿ ಹಲವರ ಶಾಲಾ ಅಂಕಪಟ್ಟಿಯಲ್ಲಿ ಗಣಿತಕ್ಕೆ ಉತ್ತಮ ಶ್ರೇಣಿಯೇ ಇತ್ತು! ಕಲಿಸದೆ ಕೊಟ್ಟ ಶ್ರೇಣಿ ವಿದ್ಯಾರ್ಥಿಗೆ ಮಾಡುವ ಉಪಕಾರವಲ್ಲ, ಮೋಸ. ಆ ಮೋಸವನ್ನು ಅವನು ಅರಿಯುವುದು ತುಂಬ ತಡವಾಗಿ.

ಈ ಎರಡು ಅತಿಗಳ ನಡುವಿನ ದಾರಿಯನ್ನು ಬಹಳ ಹಿಂದೆಯೇ ತೋರಿಸಿದವರೊಬ್ಬರಿದ್ದಾರೆ. ಅವರ ಹೆಸರು ಯೂರಿ ಟ್ರೀಸ್ಮನ್. 1970ರ ದಶಕದಲ್ಲಿ ಬರ್ಕ್ಲಿಯಲ್ಲಿ ಅವರು ಕಂಡದ್ದು ಆರಂಭಿಕ ಕಲನಶಾಸ್ತ್ರದಲ್ಲಿ ಕರಿಯ ವಿದ್ಯಾರ್ಥಿಗಳ ದೊಡ್ಡ ಪ್ರಮಾಣದ ಸೋಲನ್ನು. ಕಾರಣವೇನೆಂದು ಅಧ್ಯಾಪಕರನ್ನು ಕೇಳಿದಾಗ ಬಂದ ಉತ್ತರಗಳು ನಮಗೂ ಚಿರಪರಿಚಿತ: ಅವರಿಗೆ ಆಸಕ್ತಿಯಿಲ್ಲ, ಮನೆಯಲ್ಲಿ ಪ್ರೋತ್ಸಾಹವಿಲ್ಲ, ಬಡತನ, ತಯಾರಿಯ ಕೊರತೆ. ನಮ್ಮ ಸಮುದಾಯದ ಹುಡುಗರ ಬಗ್ಗೆ ಇದೇ ಮಾತುಗಳನ್ನು ನಾವೆಷ್ಟು ಬಾರಿ ಕೇಳಿಲ್ಲ? ಟ್ರೀಸ್ಮನ್ ಆ ಮಾತುಗಳನ್ನು ನಂಬದೆ ಇಪ್ಪತ್ತು ಮಂದಿ ಕರಿಯ ವಿದ್ಯಾರ್ಥಿಗಳ ಮತ್ತು ಇಪ್ಪತ್ತು ಮಂದಿ ಚೀನಾ ಮೂಲದ ವಿದ್ಯಾರ್ಥಿಗಳ ದಿನಚರಿಯನ್ನು ಹತ್ತಿರದಿಂದ ಗಮನಿಸಿದರು. ಕರಿಯ ವಿದ್ಯಾರ್ಥಿಗಳು ಶಿಸ್ತಿನಿಂದ, ಹೇಳಿದಷ್ಟು ಹೊತ್ತು, ಅಂದರೆ ವಾರಕ್ಕೆ ಸುಮಾರು ಎಂಟು ಗಂಟೆ ಓದುತ್ತಿದ್ದರು. ಆದರೆ ಒಂಟಿಯಾಗಿ ಓದುತ್ತಿದ್ದರು. ಚೀನಾ ಮೂಲದವರು ಸುಮಾರು ಹದಿನಾಲ್ಕು ಗಂಟೆ ಓದುತ್ತಿದ್ದರು. ಅದರಲ್ಲಿ ಒಂದು ಪಾಲು ಒಟ್ಟಿಗೆ ಕುಳಿತು ಒಬ್ಬರ ಉತ್ತರವನ್ನು ಇನ್ನೊಬ್ಬರು ಪರೀಕ್ಷಿಸುವುದಕ್ಕೆ ಮೀಸಲಾಗಿತ್ತು. ತನಗೆ ಮಾತ್ರ ಬಾರದ ಲೆಕ್ಕ ಯಾವುದು, ಯಾರಿಗೂ ಬಾರದ ಲೆಕ್ಕ ಯಾವುದು ಎಂಬ ಅರಿವು ಅವರಿಗಿತ್ತು. ಒಂಟಿಯಾಗಿ ಓದುವವನು ಎರಡನ್ನೂ ತನ್ನ ದಡ್ಡತನವೆಂದೇ ಬಗೆಯುತ್ತಾನೆ.

ಟ್ರೀಸ್ಮನ್ ಆ ವಿದ್ಯಾರ್ಥಿಗಳಿಗಾಗಿ ಸುಲಭದ ಕೋರ್ಸನ್ನು ತೆರೆಯಲಿಲ್ಲ. ಬದಲಾಗಿ ಅವರನ್ನು ಪ್ರತಿಭಾವಂತರ ಕಾರ್ಯಾಗಾರಕ್ಕೆ ಆಹ್ವಾನಿಸಿ, ತರಗತಿಯದ್ದಕ್ಕಿಂತಲೂ ಕಠಿಣವಾದ ಲೆಕ್ಕಗಳನ್ನು ಗುಂಪಾಗಿ ಬಿಡಿಸಲು ಕೊಟ್ಟರು. ಫಲಿತಾಂಶ ಎಷ್ಟು ಬದಲಾಯಿತೆಂದರೆ ಆ ಮಾದರಿ ಅಮೇರಿಕದ ಅನೇಕ ವಿಶ್ವವಿದ್ಯಾಲಯಗಳಿಗೆ ಹಬ್ಬಿತು. ಉಪನ್ಯಾಸ ಕೇಳುವುದಕ್ಕಿಂತ ತಾವೇ ತೊಡಗಿಸಿಕೊಂಡು ಕಲಿಯುವುದು ಮೇಲೆಂಬುದಕ್ಕೆ ಅಂಕಿ ಅಂಶಗಳೂ ಈಗ ಸಿಕ್ಕಿವೆ. ಸ್ಕಾಟ್ ಫ್ರೀಮನ್ ಮತ್ತು ಸಂಗಡಿಗರು 2014ರಲ್ಲಿ ವಿಜ್ಞಾನ, ಗಣಿತ, ಇಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟಾಗಿ ಪರಿಶೀಲಿಸಿದರು. ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರ ಪ್ರಮಾಣ ಶೇ. 33.8 ಇದ್ದರೆ ಇನ್ನೊಂದು ಬಗೆಯಲ್ಲಿ ಶೇ. 21.8 ಇತ್ತು. ಅಂದರೆ ಕಲಿಸುವ ರೀತಿ ಬದಲಾದರೆ ನಪಾಸಾಗುವ ಮೂವರಲ್ಲಿ ಒಬ್ಬ ಪಾಸಾಗುತ್ತಾನೆ. ಆ ಒಬ್ಬನನ್ನು ‘ಗಣಿತ ತಲೆಗೆ ಹತ್ತದವನು’ ಎಂದು ಕರೆಯುವ ಹಕ್ಕು ಯಾರಿಗಿದೆ?

ಗಣಿತದ ಪ್ರವೇಶವನ್ನು ನಾಗರಿಕ ಹಕ್ಕಿನ ಪ್ರಶ್ನೆಯಾಗಿ ನೋಡಿದವರು ಬಾಬ್ ಮೋಸೆಸ್. 1960ರ ದಶಕದ ಆರಂಭದಲ್ಲಿ ಮಿಸಿಸಿಪ್ಪಿಯಲ್ಲಿ ಕರಿಯರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಲು ಜೀವದ ಹಂಗು ತೊರೆದು ದುಡಿದ ಅವರು, 1982ರಲ್ಲಿ ‘ಆಲ್ಜೀಬ್ರಾ ಪ್ರಾಜೆಕ್ಟ್’ ಆರಂಭಿಸಿದರು. 2021ರಲ್ಲಿ ನಿಧನರಾಗುವ ತನಕ ಆ ಕೆಲಸವನ್ನು ಬಿಡಲಿಲ್ಲ. ಮಿಸಿಸಿಪ್ಪಿಯಲ್ಲಿ ಮತದಾರನಾಗಬೇಕಾದರೆ ಸಂವಿಧಾನದ ಒಂದು ಭಾಗವನ್ನು ಓದಿ ಅರ್ಥ ಹೇಳಬೇಕಿತ್ತು. ಉತ್ತರ ಸರಿಯೋ ತಪ್ಪೋ ಎಂದು ತೀರ್ಮಾನಿಸುತ್ತಿದ್ದವನು ಬಿಳಿಯ ಅಧಿಕಾರಿ. ಯಾವ ಉತ್ತರ ಸರಿ ಎಂಬ ನಿಯಮ ಎಲ್ಲೂ ಬರಹದಲ್ಲಿ ಇರಲಿಲ್ಲ. ಪರೀಕ್ಷೆಯ ನಿಯಮ ಅಧಿಕಾರಿಯ ಮನಸ್ಸಿನಲ್ಲಿ ಮಾತ್ರ ಇದ್ದಾಗ ಏನಾಗುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷ್ಯ ಬೇಕಿಲ್ಲ.

ಈ ಕೋರ್ಸಿನ ಪಾಠಗಳ ಮೂಲವನ್ನು ಹುಡುಕುತ್ತಾ ಹೋದರೂ ನಾವು ಹಂಚಿಕೆಯ ಪ್ರಶ್ನೆಗೇ ಬಂದು ನಿಲ್ಲುತ್ತೇವೆ. ಆಲ್ಜೀಬ್ರಾ ಎಂಬ ಪದ ಒಂಭತ್ತನೇ ಶತಮಾನದ ಬಗ್ದಾದಿನಲ್ಲಿ ಅಲ್ ಖ್ವಾರಿಝ್ಮಿ ಬರೆದ ಗ್ರಂಥದ ಶೀರ್ಷಿಕೆಯಲ್ಲಿನ ‘ಅಲ್ ಜಬ್ರ್’ನಿಂದ ಬಂದದ್ದು. ವಾರಸು ಹಕ್ಕಿನ ಪಾಲು, ವ್ಯಾಪಾರ, ಭೂಮಾಪನ ಮುಂತಾದ ಜನರ ನಿತ್ಯದ ಅಗತ್ಯಗಳಿಗಾಗಿ ಅದನ್ನು ಬರೆದುದಾಗಿ ಗ್ರಂಥಕರ್ತರೇ ಹೇಳಿಕೊಂಡಿದ್ದಾರೆ. ಗ್ರಂಥದ ದೊಡ್ಡ ಭಾಗ ಪಾಲು ಹಂಚಿಕೆಯ ಲೆಕ್ಕಗಳದ್ದೇ. ಇನ್ನು ತ್ರಿಕೋನಮಿತಿಯ ‘ಸೈನ್’ ಸಂಸ್ಕೃತದ ‘ಜ್ಯಾ’ ಎಂಬ ಪದವಾಗಿ ಹೊರಟು, ಅರಬಿಯಲ್ಲಿ ‘ಜೈಬ್’ ಆಗಿ, ಲ್ಯಾಟಿನ್‌ನಲ್ಲಿ ‘ಸೈನಸ್’ ಆದದ್ದು. ಇಷ್ಟೊಂದು ಜನಾಂಗಗಳ ಕೈದಾಟಿ ಬಂದ ವಿದ್ಯೆ ಇಂದು ಕೆಲವರ ಸೊತ್ತಾಗಿರುವುದು ವಿಪರ್ಯಾಸವಲ್ಲದೆ ಇನ್ನೇನು?

ಈಗ ನಮ್ಮ ರಾಜ್ಯದ ವಿಷಯಕ್ಕೆ ಬರೋಣ. ಎಸ್ಸೆಸ್ಸೆಲ್ಸಿ ಬಳಿಕ ಪಿಯುಸಿಯ ಬದಲು ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮಾಡಿದವರು ಇಂಜಿನಿಯರಿಂಗ್ ಪದವಿಯ ಎರಡನೇ ವರ್ಷಕ್ಕೆ, ಅಂದರೆ ನೇರವಾಗಿ ಮೂರನೇ ಸೆಮಿಸ್ಟರ್‌ಗೆ ಸೇರಬಹುದು. ಬೇಗ ಕೈಗೊಂದು ಕೆಲಸ ಬೇಕೆಂಬ ಮನೆಗಳ ಮಕ್ಕಳು ಹಿಡಿಯುವ ದಾರಿ ಇದು. ನಮ್ಮ ಓದುಗರ ಮನೆಗಳಲ್ಲೂ ಇಂತಹವರು ಅನೇಕರಿದ್ದಾರೆ. ಡಿಪ್ಲೊಮಾದಲ್ಲಿ ಗಣಿತ ಇಲ್ಲವೆಂದಲ್ಲ. ಆದರೆ ಪದವಿಯ ಮೊದಲ ವರ್ಷದ ಎರಡು ಗಣಿತ ಪತ್ರಿಕೆಗಳನ್ನು ಅವರು ಓದಿರುವುದಿಲ್ಲ. ಈ ಕೊರತೆಯನ್ನು ತುಂಬಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಮೂರನೇ ಮತ್ತು ನಾಲ್ಕನೇ ಸೆಮಿಸ್ಟರ್‌ಗಳಲ್ಲಿ ‘ಅಡಿಷನಲ್ ಮ್ಯಾಥಮ್ಯಾಟಿಕ್ಸ್’ ಎಂಬ ಎರಡು ಕೋರ್ಸುಗಳನ್ನು ಇಟ್ಟಿತು. ಅದರ ಉದ್ದೇಶವನ್ನು ನಾವು ಮೆಚ್ಚುತ್ತೇವೆ. ಆದರೆ ವ್ಯವಸ್ಥೆಯನ್ನು ಗಮನಿಸಿ.

2018ರ ಯೋಜನೆಯ ನಿಯಮದಂತೆ ಈ ಕೋರ್ಸುಗಳಿಗೆ ಕ್ರೆಡಿಟ್ ಸೊನ್ನೆ. ತರಗತಿಗೆ ಹಾಜರಾಗಬೇಕು, ಆಂತರಿಕ ಅಂಕಗಳಲ್ಲಿ ಕನಿಷ್ಠ ಶೇ. 40 ಪಡೆಯಬೇಕು, ಪಡೆಯದಿದ್ದರೆ ಎಫ್ ಶ್ರೇಣಿ. ವಿಶ್ವವಿದ್ಯಾಲಯದ ಪರೀಕ್ಷೆಯನ್ನೂ ಬರೆಯಬೇಕು. ಮುಂದಿನ ವರ್ಷಕ್ಕೆ ಹೋಗಲು ಇದು ಅಡ್ಡಿಯಾಗದು, ಆದರೆ ಉತ್ತೀರ್ಣರಾಗದೆ ಪದವಿ ಸಿಗದು. ಅಂದರೆ ಶ್ರಮಕ್ಕೆ ಬೆಲೆಯಿಲ್ಲ, ಸೋಲಿಗೆ ಮಾತ್ರ ಬೆಲೆಯಿದೆ! ಕ್ರೆಡಿಟ್ ಇಲ್ಲದ ಕೋರ್ಸನ್ನು ವಿದ್ಯಾರ್ಥಿ ಹಿಂದಕ್ಕೆ ತಳ್ಳುತ್ತಾನೆ, ಕಾಲೇಜೂ ಹಿಂದಕ್ಕೆ ತಳ್ಳುತ್ತದೆ. ಕೊನೆಗೆ ಅದು ಅಂತಿಮ ವರ್ಷದಲ್ಲಿ ಬಾಕಿ ಪತ್ರಿಕೆಯಾಗಿ ಎದುರು ನಿಲ್ಲುತ್ತದೆ.

ಇದಕ್ಕಿಂತ ವಿಚಿತ್ರವಾದುದು ಕಾಲದ ಜೋಡಣೆ. ಅದೇ ಯೋಜನೆಯ ಮೂರನೇ ಸೆಮಿಸ್ಟರ್‌ನ ಮುಖ್ಯ ಗಣಿತ ಪತ್ರಿಕೆಯಲ್ಲಿ ಲಾಪ್ಲಾಸ್ ರೂಪಾಂತರ, ಫೂರಿಯೇ ಶ್ರೇಢಿ ಮೊದಲಾದವು ಇದ್ದವು. ಸಂಜೆಯ ಪಾಠಕ್ಕೆ ಬೇಕಾದ ಅವಕಲನ, ಅನುಕಲನಗಳನ್ನು ಅಡಿಷನಲ್ ಮ್ಯಾಥಮ್ಯಾಟಿಕ್ಸ್‌ನಲ್ಲಿ ಅದೇ ವಾರಗಳಲ್ಲಿ ಬೆಳಿಗ್ಗೆ ಕಲಿಯಬೇಕೆಂದರೆ ಹೇಗೆ? ಹೊಳೆಯ ನಡುವೆ ನಿಂತವನಿಗೆ ಸಂಕದ ಹಲಗೆಗಳನ್ನು ಒಂದೊಂದಾಗಿ ಎಸೆದಂತಿದೆ ಇದು. ಯೋಜನೆಗಳು ಆ ಬಳಿಕವೂ ಪರಿಷ್ಕರಣೆಗೊಂಡಿವೆ. ಆದರೆ ಪೂರ್ವಸಿದ್ಧತೆಯನ್ನು ಪೂರ್ವದಲ್ಲೇ ಕೊಡಬೇಕೆಂಬ ಸರಳ ತತ್ವ ಪ್ರತಿ ಪರಿಷ್ಕರಣೆಯಲ್ಲೂ ಚರ್ಚೆಗೆ ಬರಬೇಕಾಗಿದೆ. ಈ ಪಾಠಗಳಿಗೆ ಎರಡೋ ಮೂರೋ ಕ್ರೆಡಿಟ್ ಕೊಡಲಿ. ಮೂಲಭೂತ ಲೆಕ್ಕಗಳಿಗೆ ಮಿಷಿಗನ್ ಮಾದರಿಯಲ್ಲಿ ಮತ್ತೆ ಮತ್ತೆ ಬರೆಯಬಹುದಾದ ಪರೀಕ್ಷೆಯನ್ನಿಡಲಿ. ಆಂತರಿಕ ಅಂಕದ ಕೋಷ್ಟಕವನ್ನು ತರಗತಿಯ ಮೊದಲ ದಿನವೇ ವಿದ್ಯಾರ್ಥಿಯ ಕೈಗೆ ಲಿಖಿತವಾಗಿ ಕೊಡಲಿ. ಪ್ರತಿವರ್ಷ ಎಷ್ಟು ಮಂದಿ ಡಿಪ್ಲೊಮಾ ವಿದ್ಯಾರ್ಥಿಗಳು ಈ ಪತ್ರಿಕೆಗಳಲ್ಲಿ ಸಿಲುಕಿಕೊಂಡರೆಂಬ ಲೆಕ್ಕವನ್ನು ಕಾಲೇಜುವಾರು ಪ್ರಕಟಿಸಲಿ. ವಿಶ್ವವಿದ್ಯಾಲಯದ ಶೈಕ್ಷಣಿಕ ಮಂಡಳಿಯ ಮುಂದೆ ಈ ಬೇಡಿಕೆಗಳನ್ನು ಇಡಲು ವಿದ್ಯಾರ್ಥಿ ಸಂಘಟನೆಗಳಿಗೆ ಏನು ಅಡ್ಡಿಯಿದೆ? ಕ್ಯಾಂಪಸ್‌ಗಳಲ್ಲಿ ಧ್ವಜ, ಶಾಲು, ಘೋಷಣೆಗಳಿಗಾಗಿ ಬಡಿದಾಡುವ ಸಂಘಟನೆಗಳು ಇಂತಹ ಒಂದು ಮನವಿಗೆ ಸಹಿ ಸಂಗ್ರಹಿಸಿದ್ದನ್ನು ನಾವು ಕಂಡಿಲ್ಲ.

ಸಮುದಾಯದ ಕಡೆಯಿಂದಲೂ ಕೆಲಸ ಬಾಕಿಯಿದೆ. ನಮ್ಮ ಊರುಗಳಲ್ಲಿ ವಿದ್ಯಾರ್ಥಿವೇತನ ಹಂಚುವ ಸಂಸ್ಥೆಗಳಿಗೆ ಕೊರತೆಯಿಲ್ಲ. ವೇದಿಕೆ, ಶಾಲು, ಸನ್ಮಾನಗಳಿಗೂ ಕೊರತೆಯಿಲ್ಲ. ಶೇಕಡ ತೊಂಭತ್ತು ಪಡೆದವನನ್ನು ನಾಲ್ಕು ಸಂಸ್ಥೆಗಳು ಸನ್ಮಾನಿಸುತ್ತವೆ; ಮೊದಲ ಆಂತರಿಕ ಪರೀಕ್ಷೆಯಲ್ಲಿ ನಲವತ್ತು ಪಡೆದವನ ಬಳಿಗೆ ಹೋಗುವವರು ಯಾರೂ ಇಲ್ಲ. ಟ್ರೀಸ್ಮನ್ ಮಾಡಿದ ಕಾರ್ಯಾಗಾರಕ್ಕೆ ಬೇಕಾದದ್ದು ಒಂದು ಕೊಠಡಿ, ಒಂದು ಕರಿ ಹಲಗೆ, ಕಠಿಣ ಲೆಕ್ಕಗಳ ಒಂದು ಹಾಳೆ ಮತ್ತು ಗಣಿತ ಬಲ್ಲ ಒಬ್ಬ ಹಿರಿಯ ವಿದ್ಯಾರ್ಥಿ. ಸಮುದಾಯ ಭವನಗಳು ಮದುವೆಯಿಲ್ಲದ ದಿನಗಳಲ್ಲಿ ಬೀಗ ಹಾಕಿಯೇ ಇರುತ್ತವೆ. ಎಲ್ಲ ಸಮುದಾಯದ ಮಕ್ಕಳೂ ಅಲ್ಲಿ ಒಟ್ಟಿಗೆ ಕೂರಲಿ, ಹೆಣ್ಣುಮಕ್ಕಳಿಗೂ ಸಮಯ ಹೊಂದಿಸಿಕೊಡಲಿ. ಡಿಪ್ಲೊಮಾ ಫಲಿತಾಂಶ ಬಂದು, ಪ್ರವೇಶ ಪರೀಕ್ಷೆ ಮುಗಿದು, ಸೀಟು ಹಂಚಿಕೆಯಾಗಿ ಮೂರನೇ ಸೆಮಿಸ್ಟರ್ ಆರಂಭವಾಗುವ ತನಕ ಆ ವಿದ್ಯಾರ್ಥಿಗಳಿಗೆ ಕೆಲವು ವಾರಗಳ ಬಿಡುವಿರುತ್ತದೆ. ಅವಕಲನ, ಅನುಕಲನಗಳ ತಳಪಾಯ ಹಾಕಲು ಆ ವಾರಗಳು ಸಾಕು. ಸೆಮಿಸ್ಟರ್ ಆರಂಭವಾದ ಮೇಲೆ ಮೊದಲ ಆಂತರಿಕ ಪರೀಕ್ಷೆ ಬರಲು ಬಹಳ ದಿನಗಳಿರುವುದಿಲ್ಲ.